ಮನೆಯಲ್ಲಿ ಮಾಡಿದ ಟೊಮೆಟೊ ಬಾರ್ಬೆಕ್ಯೂ ಸಾಸ್ ಏಕೆ ಬರೀ ಹುಳಿಯಾಗುತ್ತದೆ? ಸರಿಪಡಿಸುವುದು ಹೇಗೆ?

ಮೊದಲು ಒಂದು ಚಿಟಿಕೆ ಉಪ್ಪು, ಆಮೇಲೆ ಸಿಹಿ. ಹೆಚ್ಚಿನವರು ನೇರವಾಗಿ ಸಕ್ಕರೆ ಸುರಿಯುತ್ತಾರೆ. ಸಾಸ್ ಜಾಮ್‌ನಂತಾಗುವುದು ಅಲ್ಲಿಯೇ.

ಟೊಮೆಟೊದಲ್ಲಿ ಸಹಜವಾಗಿಯೇ ಸಿಟ್ರಿಕ್ ಆಮ್ಲವಿದೆ. ಕುದಿಸಿದಂತೆ ನೀರು ಆವಿಯಾಗಿ ಆ ಹುಳಿ ಇನ್ನಷ್ಟು ಸಾಂದ್ರವಾಗುತ್ತದೆ, ಮೇಲಿಂದ ವಿನೆಗರ್ ಬೇರೆ. ಸಿಹಿ ಸೇರಿಸಿದರೆ ಆಮ್ಲವೇನೂ ಕಡಿಮೆಯಾಗುವುದಿಲ್ಲ. ಎರಡು ರುಚಿಗಳು ಒಟ್ಟಿಗೆ ಬಂದಾಗ ಒಂದು ಇನ್ನೊಂದನ್ನು ಮಂಕಾಗಿಸುವುದರಿಂದ ನಾಲಿಗೆಗೆ ಹುಳಿ ಕಡಿಮೆ ಎನಿಸುತ್ತದೆ. ನಾವು ತಿಳಿಸಾರಿಗೆ ಬೆಲ್ಲದ ಚೂರು ಹಾಕುವುದೂ ಇದಕ್ಕೇ. ಉಪ್ಪು ಕಹಿಯನ್ನು ತಗ್ಗಿಸಿ, ಇರುವ ಸಿಹಿಯನ್ನು ಎದ್ದು ಕಾಣಿಸುತ್ತದೆ. ಆದ್ದರಿಂದಲೇ ಅದಕ್ಕೆ ಮೊದಲ ಸರದಿ.

ಅಮೆರಿಕದ ಕಾನ್ಸಾಸ್ ಸಿಟಿ ಶೈಲಿಯ ಗಟ್ಟಿ ಸಾಸ್‌ಗೆ ಕಾಕಂಬಿ (ಸಕ್ಕರೆ ತಯಾರಿಸುವಾಗ ಉಳಿಯುವ ಕಪ್ಪು ಪಾಕ, ಮೊಲಾಸಸ್) ಅಥವಾ ಕಂದು ಸಕ್ಕರೆ ಹಾಕುತ್ತಾರೆ. ಕಾಕಂಬಿಯ ಸಣ್ಣ ಕಹಿಯೇ ಅದರ ಸೊಗಸು, ಬಿಳಿ ಸಕ್ಕರೆಯಲ್ಲಿ ಅದು ಸಿಗುವುದಿಲ್ಲ. ಕಾಕಂಬಿ ಸಿಗದಿದ್ದರೆ ಜೋನಿಬೆಲ್ಲ ಬಳಸಿ, ನನಗೆ ಅದೂ ಬಹಳ ಇಷ್ಟ. ಒಂದೊಂದೇ ಚಮಚ ಹಾಕಿ, ಐದು ನಿಮಿಷ ಸಣ್ಣ ಉರಿಯಲ್ಲಿಟ್ಟು ರುಚಿ ನೋಡಿ.

ಇಷ್ಟಾದರೂ ಹುಳಿ ಚುಚ್ಚಿದರೆ ಅಡುಗೆ ಸೋಡಾ ಚಿಟಿಕೆಯ ಅರ್ಧದಷ್ಟು ಸಾಕು. ಅದು ಆಮ್ಲವನ್ನು ನಿಜವಾಗಿಯೂ ತಟಸ್ಥಗೊಳಿಸುತ್ತದೆ, ಹೆಚ್ಚಾದರೆ ಸಾಬೂನಿನ ರುಚಿ ಬರುತ್ತದೆ.

ಕೊನೆಯ ತೀರ್ಮಾನವನ್ನು ಚಮಚದಿಂದ ನೆಕ್ಕಿ ಮಾಡಬೇಡಿ. ಸುಟ್ಟ ಮಾಂಸದ ಅಥವಾ ಪನೀರ್‌ನ ತುಂಡಿಗೆ ಹಚ್ಚಿ ತಿನ್ನಿ: ಕೊಬ್ಬಿನ ಜೊತೆ ಹುಳಿ ತಾನಾಗಿಯೇ ಮೆತ್ತಗಾಗುತ್ತದೆ.