ಓದುಗರು ಕೇಳಿದ್ದು: ಬೇಸ್‌ಬಾಲ್‌ಗೆ ಗಡಿಯಾರ ಯಾಕೆ ಬಂತು?

ಕ್ರಿಕೆಟ್ ಬಿಟ್ಟು ಬೇರೆ ಆಟದ ಬಗ್ಗೆಯೂ ಕೇಳಿ ಅಂತ ಹೋದ ಸಂಚಿಕೆಯಲ್ಲಿ ಹೇಳಿದ್ದೆವು. ಕಬಡ್ಡಿ, ಫುಟ್‌ಬಾಲ್ ಬರಬಹುದು ಅಂದುಕೊಂಡರೆ ರಾಶಿ ಬಂದಿದ್ದು ಬೇಸ್‌ಬಾಲ್ ಪ್ರಶ್ನೆಗಳು! ಮುಂಬೈ, ಪುಣೆಯ ಕನ್ನಡಿಗರ ಮಕ್ಕಳು ಮೊಮ್ಮಕ್ಕಳು ಅಮೆರಿಕದಲ್ಲಿರುವುದರ ಪ್ರಭಾವ ಇರಬೇಕು. ಒಂದೇ ತರಹದ ಪ್ರಶ್ನೆಗಳನ್ನು ಒಟ್ಟು ಮಾಡಿ ಉತ್ತರ ಕೊಟ್ಟಿದ್ದೇವೆ.

ಮಗಳ ಮನೆಗೆ ನ್ಯೂಜೆರ್ಸಿಗೆ ಹೋಗಿದ್ದಾಗ ಅಳಿಯ ಯಾಂಕೀಸ್ ತಂಡದ ಪಂದ್ಯಕ್ಕೆ ಕರೆದುಕೊಂಡು ಹೋಗಿದ್ದರು. ಮೈದಾನದಲ್ಲಿ ಒಂದು ಗಡಿಯಾರ ಹಿಂದು ಹಿಂದಕ್ಕೆ ಎಣಿಸುತ್ತಿತ್ತು. ಬೇಸ್‌ಬಾಲ್‌ಗೆ ಸಮಯದ ಮಿತಿಯೇ ಇಲ್ಲ ಅಂತ ಕೇಳಿದ್ದೆ. ಮತ್ತೆ ಇದೇನು?
– ಓದುಗರು, ಡೊಂಬಿವಲಿ

ನೀವು ಕೇಳಿದ್ದು ಸರಿಯಾಗಿಯೇ ಇದೆ. ಪಂದ್ಯಕ್ಕೆ ಈಗಲೂ ಮಿತಿ ಇಲ್ಲ. ಮಿತಿ ಇರುವುದು ಒಂದು ಎಸೆತಕ್ಕೂ ಇನ್ನೊಂದು ಎಸೆತಕ್ಕೂ ನಡುವೆ. ಅದಕ್ಕೆ ಪಿಚ್ ಕ್ಲಾಕ್ ಅಂತಾರೆ. ಅಮೆರಿಕದ ದೊಡ್ಡ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ಗೆ ಅದು ಬಂದಿದ್ದು 2023ರಲ್ಲಿ.

ಯಾಕೆ ಬೇಕಾಯಿತು ಅಂದರೆ, ಆಟ ನಡೆಯುವ ಹೊತ್ತಿಗಿಂತ ಸುಮ್ನೆ ನಿಂತಿರುವ ಹೊತ್ತು ಬೆಳೆಯುತ್ತಲೇ ಹೋಗಿತ್ತು. ಚೆಂಡು ಎಸೆಯುವ ಪಿಚರ್ ಅದನ್ನು ಉಜ್ಜುತ್ತಾ ನಿಲ್ಲುತ್ತಾನೆ, ಬ್ಯಾಟರ್ ಹಿಂದೆ ಕೂರುವ ಕ್ಯಾಚರ್‌ನ ಸನ್ನೆ ಒಪ್ಪದೆ ತಲೆ ಆಡಿಸುತ್ತಾನೆ, ಇನ್ನೊಂದು ಸನ್ನೆ ಕೇಳುತ್ತಾನೆ, ಅಷ್ಟರಲ್ಲಿ ಬ್ಯಾಟರ್ ಹೊರಗೆ ಬಂದು ಗ್ಲೌಸ್ ಪಟ್ಟಿ ಬಿಚ್ಚಿ ಮತ್ತೆ ಬಿಗಿದು, ಹೆಲ್ಮೆಟ್ ಮುಟ್ಟಿ, ನಾಲ್ಕು ಹೆಜ್ಜೆ ಅಡ್ಡಾಡಿ ಬರುತ್ತಾನೆ. ಈ ವಿದ್ಯೆಯಲ್ಲಿ ಹೆಸರು ಮಾಡಿದವರೂ ಇದ್ದಾರೆ. ಎಪ್ಪತ್ತು, ಎಂಬತ್ತರ ದಶಕದಲ್ಲಿ ಆಡಿದ ಮೈಕ್ ಹಾರ್ಗ್ರೋವ್‌ಗೆ 'ಹ್ಯೂಮನ್ ರೇನ್ ಡಿಲೇ' ಅಂತಲೇ ಅಡ್ಡಹೆಸರು. ಮಳೆ ಬಂದು ಆಟ ನಿಂತ ಹಾಗೆ ಅವನೊಬ್ಬನೇ ನಿಲ್ಲಿಸುತ್ತಿದ್ದನಂತೆ. ಕೊನೆಗೆ 2021ರಲ್ಲಿ ಮಾಮೂಲಿ ಒಂಬತ್ತು ಇನ್ನಿಂಗ್ಸ್ ಪಂದ್ಯದ ಸರಾಸರಿ ಸಮಯ 3 ಗಂಟೆ 10 ನಿಮಿಷಕ್ಕೆ ಹೋಯಿತು. ಅದು ದಾಖಲೆ.

ಈಗಿನ ನಿಯಮ ಹೀಗಿದೆ. ಬೇಸ್‌ಗಳಲ್ಲಿ (ರನ್ ಗಳಿಸಲು ಸುತ್ತಿ ಬರಬೇಕಾದ ಗುರುತುಗಳಲ್ಲಿ) ಯಾರೂ ಇಲ್ಲದಿದ್ದರೆ ಪಿಚರ್ 15 ಸೆಕೆಂಡ್ ಒಳಗೆ ಎಸೆತ ಶುರು ಮಾಡಬೇಕು. ರನ್ನರ್, ಅಂದರೆ ಬೇಸ್ ತಲುಪಿ ನಿಂತ ಆಟಗಾರ, ಇದ್ದರೆ 2023ರಲ್ಲಿ 20 ಸೆಕೆಂಡ್ ಇತ್ತು, 2024ರಲ್ಲಿ ಅದನ್ನು 18ಕ್ಕೆ ಇಳಿಸಿದರು. ಗಡಿಯಾರ 8 ತೋರಿಸುವ ಹೊತ್ತಿಗೆ ಬ್ಯಾಟರ್ ತಯಾರಾಗಿ ಪಿಚರ್ ಕಡೆ ನೋಡುತ್ತಿರಬೇಕು. ಒಂದು ಸರದಿಯಲ್ಲಿ ಅವನಿಗೆ ಟೈಮ್ ಕೇಳಲು ಒಂದೇ ಅವಕಾಶ. ಕ್ಯಾಚರ್ ಬೆರಳಲ್ಲಿ ತೋರಿಸುತ್ತಿದ್ದ ಸನ್ನೆಗಳಿಗೆ 2022ರಿಂದಲೇ ಪಿಚ್‌ಕಾಮ್ ಅನ್ನುವ ಗುಂಡಿ ಒತ್ತುವ ಯಂತ್ರ ಬಂದಿತ್ತು. ಅದಿಲ್ಲದಿದ್ದರೆ 15 ಸೆಕೆಂಡ್‌ನಲ್ಲಿ ಇದೆಲ್ಲ ಮುಗಿಸುವುದು ಬಹಳ ಕಷ್ಟವಾಗುತ್ತಿತ್ತು ಅಂತ ನನಗನಿಸುತ್ತೆ.

ಫಲ ಕೂಡಲೇ ಕಾಣಿಸಿತು. 2023ರಲ್ಲಿ ಸರಾಸರಿ 2 ಗಂಟೆ 40 ನಿಮಿಷ, ಮರುವರ್ಷ 2 ಗಂಟೆ 36. ಮೂರೂವರೆ ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಎಳೆದ ಒಂಬತ್ತು ಇನ್ನಿಂಗ್ಸ್ ಪಂದ್ಯಗಳು 2021ರಲ್ಲಿ 391 ಇದ್ದವು, 2023ರಲ್ಲಿ ಬರೀ 9. ಹಾಗಂತ ಆಟ ಕಮ್ಮಿಯಾಯಿತಾ? ಇಲ್ಲ. ಆ ವರ್ಷ ರನ್ ಜಾಸ್ತಿಯೇ ಬಂದವು. ಕತ್ತರಿ ಬಿದ್ದಿದ್ದು ಗ್ಲೌಸ್ ಪಟ್ಟಿಗೆ, ಆಟಕ್ಕಲ್ಲ. ಪ್ರೇಕ್ಷಕರ ಸಂಖ್ಯೆಯೂ 2017ರ ನಂತರ ಮೊದಲ ಸಲ 7 ಕೋಟಿ ದಾಟಿತು. ಗಡಿಯಾರ ಒಂದರಿಂದಲೇ ಅಂತ ಹೇಳಲಾಗದು, ಆದರೆ ಮರುದಿನ ಆಫೀಸು, ಶಾಲೆ ಇರುವವರಿಗೆ ಅರ್ಧ ಗಂಟೆ ಮೊದಲು ಮನೆ ಸೇರುವುದು ಸಣ್ಣ ಮಾತಲ್ಲ ಅಲ್ವಾ?

ಇನ್ನೊಂದು ಮಜಾ ಇದೆ. ಬೇಸ್‌ನಲ್ಲಿರುವ ರನ್ನರ್‌ನನ್ನು ಹೆದರಿಸಲು ಪಿಚರ್ ಪದೇ ಪದೇ ಅತ್ತ ಚೆಂಡು ಎಸೆದು ಕಾಲ ಕಳೆಯಬಾರದು ಅಂತ ಅದಕ್ಕೂ ಮಿತಿ ಹಾಕಿದರು. ಎರಡು ಸಲ ಪರವಾಗಿಲ್ಲ. ಮೂರನೇ ಸಲಕ್ಕೆ ರನ್ನರ್ ಔಟ್ ಆಗಲೇಬೇಕು, ಆಗದಿದ್ದರೆ ಅವನಿಗೆ ಮುಂದಿನ ಬೇಸ್ ಪುಕ್ಕಟೆ. ಅದೇ ವರ್ಷ ಬೇಸ್‌ಗಳನ್ನು 15 ಇಂಚಿನಿಂದ 18 ಇಂಚಿಗೆ ದೊಡ್ಡದು ಮಾಡಿದರು. ಕದ್ದ ಬೇಸ್‌ಗಳ, ಅಂದರೆ ಹೊಡೆತಕ್ಕೆ ಕಾಯದೆ ಓಡಿ ಹಿಡಿದ ಬೇಸ್‌ಗಳ, ಸಂಖ್ಯೆ ಒಂದೇ ವರ್ಷದಲ್ಲಿ 2,486ರಿಂದ 3,503ಕ್ಕೆ ಹಾರಿತು. ಅಟ್ಲಾಂಟಾದ ರೊನಾಲ್ಡ್ ಅಕುನ್ಯಾ ಒಬ್ಬನೇ 73 ಬೇಸ್ ಕದ್ದ, ಜೊತೆಗೆ ನಮ್ಮ ಸಿಕ್ಸರ್ ಥರದ 41 ಹೋಮ್ ರನ್. ಎಷ್ಟೋ ವರ್ಷ ಮಂಕಾಗಿದ್ದ ಓಟದ ಆಟ ಮತ್ತೆ ಜೀವ ಪಡೆಯಿತು. ಸಮಯ ಉಳಿಸಿದ್ದಕ್ಕಿಂತ ಇದೇ ದೊಡ್ಡ ಲಾಭ ಅಂತ ನನ್ನ ಲೆಕ್ಕ.

ಸಮಯ ಮೀರಿದರೆ ದಂಡ ಏನು? ದುಡ್ಡು ಕಟ್ಟಬೇಕಾ?
– ಓದುಗರು, ಚೆಂಬೂರು

ದುಡ್ಡಲ್ಲ, ಅಲ್ಲೇ ಮೈದಾನದಲ್ಲೇ ಪೆಟ್ಟು. ಪಿಚರ್ ತಡಮಾಡಿದರೆ ಎಸೆಯದೇ ಒಂದು 'ಬಾಲ್' ಅವನ ಲೆಕ್ಕಕ್ಕೆ, ನಾಲ್ಕು ಬಾಲ್ ಆದರೆ ಬ್ಯಾಟರ್‌ಗೆ ಮೊದಲ ಬೇಸ್ ಪುಕ್ಕಟೆ. ಬ್ಯಾಟರ್ ತಡಮಾಡಿದರೆ ಒಂದು 'ಸ್ಟ್ರೈಕ್', ಮೂರು ಸ್ಟ್ರೈಕ್ ಆದರೆ ಔಟ್. 2023ರ ಫೆಬ್ರವರಿಯಲ್ಲಿ, ಸೀಸನ್‌ಗೆ ಮುಂಚಿನ ಅಭ್ಯಾಸ ಪಂದ್ಯವೊಂದರಲ್ಲಿ ಬೋಸ್ಟನ್ ಮತ್ತು ಅಟ್ಲಾಂಟಾ 6–6 ಇದ್ದವು. ಕೊನೆಯ ಇನ್ನಿಂಗ್ಸ್, ಮೂರೂ ಬೇಸ್ ಭರ್ತಿ, ಎರಡು ಔಟ್, ಎರಡು ಸ್ಟ್ರೈಕ್. ಅಟ್ಲಾಂಟಾದ ಕ್ಯಾಲ್ ಕಾನ್ಲಿ ಸಮಯಕ್ಕೆ ಸರಿಯಾಗಿ ತಯಾರಾಗಲಿಲ್ಲ ಅಂತ ಅಂಪೈರ್ ಮೂರನೇ ಸ್ಟ್ರೈಕ್ ಕೊಟ್ಟರು. ಪಂದ್ಯ ಟೈ, ಎಲ್ಲರೂ ಮನೆಗೆ. ಪ್ರೇಕ್ಷಕರು ಕೂಗಾಡಿದರು. ಸೀಸನ್ ಹಾಳಾಗುತ್ತೆ ಅಂತ ಆಗ ಬಹಳ ಮಂದಿ ಬರೆದರು. ಹಾಗೇನೂ ಆಗಲಿಲ್ಲ, ಕೆಲವೇ ವಾರಗಳಲ್ಲಿ ಆಟಗಾರರು ಒಗ್ಗಿಕೊಂಡರು.

ಒಂದು ನಷ್ಟ ಮಾತ್ರ ಮಾರಾಟದವರಿಗೆ. ಪಂದ್ಯ ಬೇಗ ಮುಗಿದರೆ ಬಿಯರ್ ಮಾರುವ ಹೊತ್ತೂ ಕಮ್ಮಿ. ಅದಕ್ಕೆ ಕೆಲವು ತಂಡಗಳು ಏಳನೇ ಇನ್ನಿಂಗ್ಸ್‌ಗೆ ನಿಲ್ಲಿಸುತ್ತಿದ್ದ ಬಿಯರ್ ಮಾರಾಟವನ್ನು ಎಂಟರವರೆಗೆ ಎಳೆದವು. ಕುಡಿದವರು ಗಾಡಿ ಓಡಿಸಿಕೊಂಡು ಹೋಗುವ ಮೊದಲು ಇಳಿಯಲು ಸಮಯ ಬೇಡವಾ ಅಂತ ಫಿಲಡೆಲ್ಫಿಯಾದ ಪಿಚರ್ ಮ್ಯಾಟ್ ಸ್ಟ್ರಾಮ್ ಆಕ್ಷೇಪ ಎತ್ತಿದರು. ನ್ಯಾಯವಾದ ಮಾತು.

ನಮ್ಮ ಅಮೆರಿಕದ ಕ್ಲೈಂಟ್ ಕಡೆಯವರು ಬೋಸ್ಟನ್ ಅಭಿಮಾನಿ. ಯಾಂಕೀಸ್ ಜೊತೆ ಪಂದ್ಯಗಳೇ ಕಮ್ಮಿಯಾದವು ಅಂತ ಪ್ರತಿ ಮೀಟಿಂಗ್‌ನಲ್ಲಿ ಗೊಣಗುತ್ತಾರೆ. ವೇಳಾಪಟ್ಟಿಯಲ್ಲಿ ಏನು ಬದಲಾಗಿದೆ?
– ಓದುಗರು, ಹಿಂಜವಡಿ, ಪುಣೆ

ಅವರ ಗೊಣಗಾಟಕ್ಕೆ ಕಾರಣ ಇದೆ. ಮೂವತ್ತು ತಂಡಗಳು, ಎರಡು ಲೀಗ್, ಪ್ರತಿ ಲೀಗ್‌ನಲ್ಲಿ ಐದೈದು ತಂಡಗಳ ಮೂರು ಡಿವಿಷನ್. 2022ರವರೆಗೆ ಒಂದು ತಂಡ ತನ್ನ ಡಿವಿಷನ್‌ನ ನಾಲ್ಕು ತಂಡಗಳ ಜೊತೆ ತಲಾ 19, ಅಂದರೆ 76 ಪಂದ್ಯ ಆಡುತ್ತಿತ್ತು. 2023ರಿಂದ ತಲಾ 13, ಒಟ್ಟು 52. ಉಳಿದಿದ್ದನ್ನು ಹಂಚಿ, ಇನ್ನೊಂದು ಲೀಗ್‌ನ ಎಲ್ಲ ಹದಿನೈದು ತಂಡಗಳ ಜೊತೆಗೂ ಆಡುವ ಹಾಗೆ ಮಾಡಿದರು. 20 ಇದ್ದ ಆ ಪಂದ್ಯಗಳು 46 ಆದವು, 2025ರಲ್ಲಿ 48. ಈಗ ಒಂದು ಸೀಸನ್‌ನಲ್ಲಿ ಪ್ರತಿ ತಂಡವೂ ಉಳಿದ 29 ತಂಡಗಳನ್ನೂ ಎದುರಿಸುತ್ತೆ. 1997ರವರೆಗೆ ಎರಡು ಲೀಗ್‌ಗಳ ತಂಡಗಳು ಸೀಸನ್‌ನಲ್ಲಿ ಮುಖಾಮುಖಿ ಆಗುತ್ತಲೇ ಇರಲಿಲ್ಲ ಅಂದರೆ ನಂಬುತ್ತೀರಾ?

ಇದರಲ್ಲಿ ವ್ಯಾಪಾರ ಇದೆ, ನ್ಯಾಯವೂ ಇದೆ. ಶೋಹೇ ಓಟಾನಿಯಂಥ ಆಟಗಾರ ಎರಡು ವರ್ಷಕ್ಕೊಮ್ಮೆಯಾದರೂ ನಿಮ್ಮ ಊರಿಗೆ ಬಂದೇ ಬರುತ್ತಾನೆ, ಟಿಕೆಟ್ ಮಾರಾಟವಾಗುತ್ತೆ. ಅದು ವ್ಯಾಪಾರ. ನ್ಯಾಯ ಯಾವುದು ಅಂದರೆ, ಡಿವಿಷನ್ ಗೆಲ್ಲದ ತಂಡಗಳಿಗೂ ಪ್ರತಿ ಲೀಗ್‌ನಲ್ಲಿ ಪ್ಲೇಆಫ್‌ಗೆ ಮೂರು ಜಾಗ ಇವೆ. ಗಟ್ಟಿ ತಂಡಗಳಿರುವ ಡಿವಿಷನ್‌ನಲ್ಲಿ ಸಿಕ್ಕಿಬಿದ್ದವರು ಅವರ ಜೊತೆಯೇ 76 ಪಂದ್ಯ ಆಡಿ ಸೋಲುವುದು, ಸುಲಭದ ಡಿವಿಷನ್‌ನವರು ಗೆಲುವು ಪೇರಿಸುವುದು, ಆಮೇಲೆ ಇಬ್ಬರನ್ನೂ ಒಂದೇ ಪಟ್ಟಿಯಲ್ಲಿ ತೂಗುವುದು ಸರಿ ಇರಲಿಲ್ಲ.

ಆದರೆ ಮುಖ್ಯವಾದದ್ದನ್ನು ಯಾರೂ ಮುಟ್ಟಿಲ್ಲ. ಪಂದ್ಯಗಳ ಸಂಖ್ಯೆ! ಅರವತ್ತರ ದಶಕದ ಶುರುವಿನಲ್ಲಿ 154ರಿಂದ 162ಕ್ಕೆ ಏರಿಸಿದ್ದು ಇಂದಿಗೂ ಹಾಗೇ ಇದೆ. ಸುಮಾರು ಆರು ತಿಂಗಳಲ್ಲಿ 162. ನಮ್ಮ ಐಪಿಎಲ್‌ನಲ್ಲಿ ಒಂದು ತಂಡಕ್ಕೆ ಲೀಗ್ ಹಂತದಲ್ಲಿ 14 ಪಂದ್ಯ, ಅದಕ್ಕೇ ಸುಸ್ತು ಅಂತಾರೆ. ಈಗ ದೂರದ ಊರುಗಳು ಜಾಸ್ತಿಯಾಗಿ ವಿಮಾನದ ಓಡಾಟವೂ ಸೇರಿಕೊಂಡಿದೆ. ಮೂಲೆಯಲ್ಲಿರುವ ಸಿಯಾಟಲ್‌ನಂಥ ತಂಡಗಳ ಪಾಡು ಮೊದಲೇ ಅಷ್ಟಕ್ಕಷ್ಟೆ. ದಿನಕ್ಕೆ ಅರ್ಧ ಗಂಟೆ ಮಿಕ್ಕಿತು, ನಿಜ. ರಜೆಯ ದಿನ ಮಿಕ್ಕಲಿಲ್ಲ. ಹತ್ತು ಪಂದ್ಯ ಕಮ್ಮಿ ಮಾಡಿದರೆ ಆ ಪಂದ್ಯಗಳ ಟಿಕೆಟ್ ದುಡ್ಡು, ಟಿವಿ ದುಡ್ಡು ಹೋಗುತ್ತೆ. ಮಾಲೀಕರು ಒಪ್ಪುವುದಿಲ್ಲ, ಸಂಬಳ ಕತ್ತರಿಸುತ್ತಾರೆ ಅಂದರೆ ಆಟಗಾರರೂ ಒಪ್ಪುವುದಿಲ್ಲ. ಗಡಿಯಾರ ಸುಲಭವಾಗಿ ಬಂದಿದ್ದೇ ಅದರಿಂದ ಟಿಕೆಟ್, ಟಿವಿ, ಸಂಬಳದ ದುಡ್ಡಿಗೆ ಕತ್ತರಿ ಬೀಳದ ಕಾರಣಕ್ಕೆ.

ಗಡಿಯಾರ ಬಂದ ಮೇಲೆ ಪಿಚರ್‌ಗಳ ಮೊಣಕೈ ಹಾಳಾಗುತ್ತಿದೆ ಅಂತ ಓದಿದೆ. ನಾನು ಫಿಸಿಯೋಥೆರಪಿ ಓದುತ್ತಿದ್ದೇನೆ. ನಿಜವಾ?
– ಓದುಗರು, ವಾಸ್ಕೋ, ಗೋವಾ

ಜಗಳ ಇನ್ನೂ ಮುಗಿದಿಲ್ಲ. 2024ರ ಏಪ್ರಿಲ್‌ನಲ್ಲಿ ಸ್ಪೆನ್ಸರ್ ಸ್ಟ್ರೈಡರ್, ಶೇನ್ ಬೀಬರ್‌ರಂಥ ದೊಡ್ಡ ಪಿಚರ್‌ಗಳು ಒಬ್ಬರ ಹಿಂದೆ ಒಬ್ಬರು ಮೊಣಕೈ ನೋವಿನಿಂದ ಹೊರಗೆ ಹೋದರು. ಆಟಗಾರರ ಸಂಘ ಕೂಡಲೇ ಗಡಿಯಾರದ ಕಡೆ ಬೆರಳು ತೋರಿಸಿತು. ಆಟಗಾರರು ಬೇಡ ಅಂದರೂ 20 ಸೆಕೆಂಡನ್ನು 18 ಮಾಡಿದಿರಿ, ಸುಧಾರಿಸಿಕೊಳ್ಳಲು ಹೊತ್ತೇ ಇಲ್ಲ ಅನ್ನುವುದು ಅವರ ವಾದ. ಲೀಗ್ ಒಪ್ಪಲಿಲ್ಲ. ಅದೇ ಡಿಸೆಂಬರ್‌ನಲ್ಲಿ ಅದು ಹೊರತಂದ ವರದಿ ಮುಖ್ಯವಾಗಿ ದೂರಿದ್ದು ವೇಗವನ್ನು, ಪ್ರತಿ ಎಸೆತಕ್ಕೂ ಮೈಯಲ್ಲಿರುವ ಪೂರ್ತಿ ಶಕ್ತಿ ಹಾಕುವ ರೂಢಿಯನ್ನು. ಅಂಕಿ ನೋಡಿ: ನೇರ ವೇಗದ ಎಸೆತದ ಸರಾಸರಿ 2008ರಲ್ಲಿ ಗಂಟೆಗೆ ಸುಮಾರು 147 ಕಿಲೋಮೀಟರ್ ಇತ್ತು, 2024ರಲ್ಲಿ ಸುಮಾರು 152. ಅದು ಒಬ್ಬಿಬ್ಬರ ವೇಗ ಅಲ್ಲ, ಇಡೀ ಲೀಗ್‌ನ ಸರಾಸರಿ!

ಮೊಣಕೈ ಒಳಬದಿಯ ಅಸ್ಥಿರಜ್ಜು ಹರಿದರೆ ಮಾಡುವ ಟಾಮಿ ಜಾನ್ ಶಸ್ತ್ರಚಿಕಿತ್ಸೆ ನಿಮಗೆ ಪಾಠದಲ್ಲಿ ಬಂದಿರಬಹುದು. ಡಾ. ಫ್ರಾಂಕ್ ಜೋಬ್ ಅದನ್ನು ಮೊದಲು ಮಾಡಿದ್ದು 1974ರಲ್ಲಿ. ಈ ಗಾಯಗಳು ಗಡಿಯಾರಕ್ಕಿಂತ ಎಷ್ಟೋ ಮೊದಲೇ ಏರುತ್ತಾ ಬಂದಿವೆ. ಹಾಗಾಗಿ ಪೂರ್ತಿ ತಪ್ಪನ್ನು ಗಡಿಯಾರದ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಆ ಎರಡು ಸೆಕೆಂಡ್ ಕಿತ್ತುಕೊಳ್ಳುವ ಅಗತ್ಯ ಏನಿತ್ತು? 2023ರಲ್ಲೇ ಅರ್ಧ ಗಂಟೆಗೆ ಹತ್ತಿರ ಉಳಿತಾಯ ಆಗಿತ್ತು. ಮರುವರ್ಷ ಸಿಕ್ಕಿದ್ದು ನಾಲ್ಕು ನಿಮಿಷ. ಕೊರಿಯಾದವರು 2025ರಲ್ಲಿ ತಮ್ಮ ಲೀಗ್‌ಗೆ ಗಡಿಯಾರ ತಂದಾಗ ರನ್ನರ್ ಇಲ್ಲದಾಗ 20, ಇದ್ದಾಗ 25 ಸೆಕೆಂಡ್ ಇಟ್ಟರು. ಅದು ಬುದ್ಧಿವಂತಿಕೆ.

ಕ್ರಿಕೆಟ್‌ಗೂ ಇಂಥ ಗಡಿಯಾರ ಬರಲಿ. ವಾಂಖೆಡೆಯಿಂದ ಚರ್ಚ್‌ಗೇಟ್‌ಗೆ ಓಡಿ ಲೋಕಲ್ ಹಿಡಿಯುವವರ ಕಷ್ಟ ಯಾರಿಗೆ ಗೊತ್ತು?
– ಓದುಗರು, ಬೊರಿವಲಿ

ಬಂದಿದೆ! 2023ರ ಡಿಸೆಂಬರ್‌ನಿಂದ ಪರೀಕ್ಷೆ ಮಾಡಿ, 2024ರ ಜೂನ್‌ನಲ್ಲಿ ಏಕದಿನ ಮತ್ತು ಟಿ20 ಅಂತರರಾಷ್ಟ್ರೀಯ ಪಂದ್ಯಗಳಿಗೆ ಕಾಯಂ ಮಾಡಿದ್ದಾರೆ. ಒಂದು ಓವರ್ ಮುಗಿದ 60 ಸೆಕೆಂಡ್ ಒಳಗೆ ಮುಂದಿನದಕ್ಕೆ ತಯಾರಿರಬೇಕು. ಎರಡು ಎಚ್ಚರಿಕೆ, ಮೂರನೆಯದಕ್ಕೆ ಐದು ರನ್ ದಂಡ. ಈ ದಂಡಕ್ಕೆ ಮೊಟ್ಟಮೊದಲು ಸಿಕ್ಕಿಬಿದ್ದವರು ಯಾರು ಗೊತ್ತಾ? ಅಮೆರಿಕ ತಂಡ! ನ್ಯೂಯಾರ್ಕ್‌ನಲ್ಲಿ, 2024ರ ಟಿ20 ವಿಶ್ವಕಪ್‌ನಲ್ಲಿ, ಅದೂ ನಮ್ಮೆದುರು. 30 ಎಸೆತಕ್ಕೆ 35 ರನ್ ಬೇಕಿದ್ದ ಭಾರತಕ್ಕೆ ಕೂತಲ್ಲೇ ಅದು 30 ಆಯಿತು. ಆದರೂ ಇದು ಓವರ್‌ಗಳ ನಡುವಿನ ಗಡಿಯಾರ ಅಷ್ಟೇ. ಓವರ್ ನಡುವೆ ಫೀಲ್ಡರ್‌ಗಳನ್ನು ಅತ್ತಿತ್ತ ಕಳಿಸುತ್ತಾ ನಿಲ್ಲುವ ನಾಯಕರನ್ನು ಅದು ಮುಟ್ಟುವುದಿಲ್ಲ. ನಿಮ್ಮ ಓಟ ಸದ್ಯಕ್ಕೆ ತಪ್ಪಲ್ಲ.

ಇಲ್ಲಿ ಕೂತು ನೋಡುವುದಾದರೆ ಎಷ್ಟು ಹೊತ್ತಿಗೆ?
– ಓದುಗರು, ಮುಲುಂಡ್

ಬೇಸಿಗೆಯಲ್ಲಿ ನ್ಯೂಯಾರ್ಕ್‌ನ ಸಂಜೆ 7:05ರ ಪಂದ್ಯ ನಮಗೆ ಬೆಳಗಿನ ಜಾವ 4:35. ಲಾಸ್ ಏಂಜಲೀಸ್‌ನ 7:10ರ ಪಂದ್ಯ ಬೆಳಗ್ಗೆ 7:40ಕ್ಕೆ, ಲೋಕಲ್‌ನಲ್ಲಿ ಸೀಟು ಸಿಕ್ಕರೆ ಫೋನ್‌ನಲ್ಲಿ ಆರಾಮಾಗಿ ನೋಡಬಹುದು. ಹತ್ತೂಕಾಲು ಹೊತ್ತಿಗೆ ಮುಗಿಯುತ್ತೆ. ಅಕ್ಟೋಬರ್‌ನ ಫೈನಲ್ ಸರಣಿ ವರ್ಲ್ಡ್ ಸೀರೀಸ್‌ಗೆ ಮಾತ್ರ ಗ್ಯಾರಂಟಿ ಕೊಡಲಾರೆ. ಸಮ ಆದಾಗ ಹೆಚ್ಚುವರಿ ಇನ್ನಿಂಗ್ಸ್‌ನಲ್ಲಿ ಎರಡನೇ ಬೇಸ್ ಮೇಲೆ ರನ್ನರ್ ನಿಲ್ಲಿಸಿ ಬೇಗ ಮುಗಿಸುವ ನಿಯಮ ಪ್ಲೇಆಫ್‌ಗೆ ಇಲ್ಲ. 2025ರಲ್ಲಿ ಲಾಸ್ ಏಂಜಲೀಸ್ ಮತ್ತು ಟೊರೊಂಟೊ ನಡುವಿನ ಮೂರನೇ ಪಂದ್ಯ 18 ಇನ್ನಿಂಗ್ಸ್, 6 ಗಂಟೆ 39 ನಿಮಿಷ ನಡೆಯಿತು. ಬೆಳಗ್ಗೆ ಚಹಾ ಹೊತ್ತಿಗೆ ಟಿವಿ ಹಾಕಿದವರು ಊಟದ ಹೊತ್ತಿಗೆ ಎದ್ದರು. ರಜೆ ಹಾಕಿಯೇ ನೋಡಿ.