ಪತ್ತಾಯದ ಅಡಿಯಲ್ಲಿ ಸಿಕ್ಕಿದ ಪದಕ

(ದೇಲಂಪಾಡಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: ತರವಾಡು ಮನೆಯ ಪತ್ತಾಯ (ಭತ್ತದ ಕಣಜ) ಕಳಚುವಾಗ ಬೆಳ್ಳಿಯ ದೊಡ್ಡ ಪದಕವೊಂದು ಸಿಕ್ಕಿತು. ಸವೆದ ಕನ್ನಡ ಅಕ್ಷರಗಳಿವೆ. ನಮ್ಮ ಹಿರಿಯರೊಬ್ಬರು 1837ರಲ್ಲಿ ಕಂಪೆನಿ ಸರಕಾರದ ವಿರುದ್ಧ ಎದ್ದ ಕಲ್ಯಾಣಪ್ಪನ ದಂಡಿನಲ್ಲಿದ್ದರೆಂದು ಮನೆಯಲ್ಲಿ ಹೇಳುತ್ತಾರೆ. ಪದಕ ಅವರದ್ದೇ ಇರಬೇಕು. ದುಬೈಯಲ್ಲಿರುವ ತಮ್ಮ ಅದನ್ನು ಲಂಡನ್ನಿನ ಹರಾಜಿಗೆ ಒಯ್ಯುತ್ತೇನೆ ಎನ್ನುತ್ತಾನೆ. ಏನು ಮಾಡಲಿ?)

ಮಾನ್ಯರೇ,

ನೀವು ಕಳಿಸಿದ ಫೋಟೊಗಳನ್ನು ಭೂತಗನ್ನಡಿ ಹಿಡಿದು ನೋಡಿದೆ. ಒಂದು ಬದಿಯಲ್ಲಿ ಕತ್ತಿ ಎತ್ತಿದ ಕೊಡವ ಯೋಧ, ಇನ್ನೊಂದು ಕೈಯಲ್ಲಿ ಕೋವಿ. ಮತ್ತೊಂದು ಬದಿಯಲ್ಲಿ ಇಂಗ್ಲಿಷ್ ಬರಹ, 1837ರ ಏಪ್ರಿಲ್. ಈಸ್ಟ್ ಇಂಡಿಯಾ ಕಂಪೆನಿ ಕೊಟ್ಟ ಕೊಡಗು ಪದಕದ ಚಹರೆಯೇ ಇದು. ಚಿನ್ನದಲ್ಲಿ 44, ಬೆಳ್ಳಿಯಲ್ಲಿ 300 ಎಂಬುದು ಸಂಗ್ರಾಹಕರ ಲೆಕ್ಕ.

ಆದರೆ ಒಂದು ತೊಡಕಿದೆ. ಈ ಪದಕ ಕಲ್ಯಾಣಪ್ಪನ ಜತೆ ಹೋದವರಿಗೆ ಕೊಟ್ಟದ್ದಲ್ಲ, ಅವನನ್ನು ಅಡಗಿಸಿದವರಿಗೆ ಕೊಟ್ಟದ್ದು. ನಿಮಗೆ ಓದಲಾಗದ ಆ ಕನ್ನಡ ಸಾಲಿನ ತಾತ್ಪರ್ಯವೂ ಅದೇ: ದಂಗೆ ಅಡಗಿಸುವಾಗ ಕಂಪೆನಿ ಸರಕಾರಕ್ಕೆ ತೋರಿದ ನಿಷ್ಠೆಗೆ ಮೆಚ್ಚುಗೆ.

1834ರಲ್ಲಿ ಕೊಡಗು ಕಂಪೆನಿಯ ಕೈಸೇರಿತು. ಅಮರಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಅಷ್ಟರವರೆಗೆ ಬೆಳೆಯಲ್ಲಿ ಕಂದಾಯ ಅಳೆದುಕೊಡುತ್ತಿದ್ದ ರೈತ ಇನ್ನು ನಗದು ಎಣಿಸಬೇಕು. ನಗದು ಎಲ್ಲಿಂದ ತರುವುದು? ಪುಟ್ಟಬಸಪ್ಪ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಎದ್ದ (ಜನರ ಬಾಯಲ್ಲಿ ಅವನೇ ಕಲ್ಯಾಣಪ್ಪ), ಬೆಳ್ಳಾರೆಯ ಖಜಾನೆ ಕೈವಶವಾಯಿತು, 1837ರ ಏಪ್ರಿಲ್ 5ಕ್ಕೆ ದಂಡು ಮಂಗಳೂರಿನ ಬಾವುಟಗುಡ್ಡಕ್ಕೆ ಮುಟ್ಟಿತು. ಹದಿಮೂರು ದಿನದ ಆಳ್ವಿಕೆ. ಕೊನೆಗೆ ನೇಣು. ನಮ್ಮ ಕಡೆ ಇದನ್ನು 'ಕಲ್ಯಾಣಪ್ಪನ ಕಾಟಕಾಯಿ' ಎಂದು ಹಗುರಮಾಡಿ ಹೇಳುತ್ತಾ ಬಂದರು. ನನಗೆ ಆ ಹೆಸರು ಹಿಡಿಸುವುದಿಲ್ಲ.

ಹಾಗಾದರೆ ದಂಗೆಯವರ ಮನೆಗೆ ಎದುರಾಳಿಯ ಪದಕ ಬಂದದ್ದು ಹೇಗೆ? ಸಾಲಕ್ಕೆ ಅಡವಾಗಿ ಬಂದಿರಬಹುದು, ಕೊಡಗಿನ ಸಂಬಂಧದಲ್ಲಿ ಬಂದಿರಬಹುದು, ಬೆಳ್ಳಿಯ ತೂಕಕ್ಕೆ ಯಾರೋ ಕೊಂಡಿರಬಹುದು. ಅಂಚಿನಲ್ಲಿ ಪಡೆದವರ ಹೆಸರಿಲ್ಲ, ಅದೇ ಕಷ್ಟ. ಮೊದಲ ಮಹಾಯುದ್ಧದ ಬೆಳ್ಳಿ ಪದಕಗಳ ಅಂಚಿನಲ್ಲಿ ಸಿಪಾಯಿಯ ನಂಬರು, ಹೆಸರು, ಪಲ್ಟನ್ನು ಕೊರೆದಿರುತ್ತಿತ್ತು. ಅಂಥದ್ದೊಂದು ನಮ್ಮ ಮನೆಯಲ್ಲೂ ಇತ್ತು. ಅಜ್ಜಿ ಅದನ್ನು ಅಕ್ಕಸಾಲಿಗನಿಗೆ ಕೊಟ್ಟು ಅತ್ತೆಗೆ ಕಾಲುಗೆಜ್ಜೆ ಮಾಡಿಸಿದರು. ನಂಬರು ಗೆಜ್ಜೆಯೊಳಗೆ ಹೋಯಿತು.

ಹರಾಜಿನವರು ಮೊದಲು ಕೇಳುವುದು ಪದಕ ಯಾರಿಂದ ಯಾರ ಕೈಗೆ ಬಂತು ಎಂದು. ಹಳೆಯ ವಿಭಾಗಪತ್ರ, ಅಡವಿನ ಚೀಟಿ, ವೀಲುನಾಮೆಗಳಲ್ಲಿ 'ಬೆಳ್ಳಿ ಬಿಲ್ಲೆ' ಎಂಬ ಒಂದು ಪದ ಸಿಕ್ಕಿದರೂ ಸಾಕು. ಬೆಲೆ ಏರಲಿ ಎಂದು ಮನೆಯ ಕತೆಯನ್ನು ಪದಕಕ್ಕೆ ಹೊಂದುವಂತೆ ತಿದ್ದಬೇಡಿ. ಹೊಂದದ ಕತೆಯನ್ನು ಹೊಂದದ ಹಾಗೆಯೇ ಬರೆದಿಡಿ. ಕಂಪೆನಿ ಪದಕಗಳ ಮರುಟಂಕಗಳೂ (ಆಮೇಲೆ ಮತ್ತೆ ಅಚ್ಚೊತ್ತಿದವು) ಎರಕದ ನಕಲುಗಳೂ ಪೇಟೆಯಲ್ಲಿವೆ. ಅಂಚಿನಲ್ಲಿ ಬೆಸುಗೆಯ ಗೆರೆ ಉಂಟೇ, ಮೈಮೇಲೆ ಸೂಜಿಮೊನೆಯಷ್ಟು ಗುಳಿಗಳುಂಟೇ ನೋಡಿ, ಇದ್ದರೆ ಎರಕದ ನಕಲೆಂಬ ಸಂಶಯ. ಫೋಟೊದಲ್ಲಿ ನಿರ್ಣಯಿಸಲು ನಾನು ಹೊರಡುವುದಿಲ್ಲ.

ತಮ್ಮನ ಬ್ಯಾಗು ಮಾತ್ರ ಬೇಡವೇ ಬೇಡ. ನೂರು ವರ್ಷ ಮೀರಿದ ಇಂಥ ವಸ್ತು 1972ರ ಪ್ರಾಚ್ಯವಸ್ತು ಕಾಯ್ದೆಯೊಳಗೆ ಬರುತ್ತದೆ, ಖಾಸಗಿಯವರು ಹೊರದೇಶಕ್ಕೆ ಒಯ್ಯುವಂತಿಲ್ಲ. ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು. 2023ರಲ್ಲಿ ಟಿಪ್ಪುವಿನ ಖಡ್ಗ ಲಂಡನ್ನಿನಲ್ಲಿ 1.4 ಕೋಟಿ ಪೌಂಡಿಗೆ ಹೋಯಿತೆಂದು ತಮ್ಮ ಹೇಳಬಹುದು. ಅದು ಇಲ್ಲಿಂದ ಮೊನ್ನೆ ಹೊರಟ ಖಡ್ಗವಲ್ಲ. ಮಾರುವುದೇ ಆದರೆ ಲೈಸೆನ್ಸ್ ಇರುವವರ ಮೂಲಕ ದೇಶದೊಳಗೇ ಮಾರಿ. ಕೂಗಿದ ಬೆಲೆಯಲ್ಲಿ ಕಮಿಷನ್ ಕಳೆದೇ ನಿಮ್ಮ ಕೈಗೆ ಬರುವುದು, ಅದೂ ನೆನಪಿರಲಿ.

ಹುಣಸೆಹುಳಿ ಹಾಕಿ ಉಜ್ಜಿದ್ದೇನೆ ಎಂದು ಖುಷಿಯಿಂದ ಬರೆದಿದ್ದೀರಿ. ಅಯ್ಯೋ! ಇನ್ನು ಮುಟ್ಟಬೇಡಿ, ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ತೊಂಬತ್ತರ ದೊಡ್ಡಮ್ಮ ಇದ್ದಾರೆ ಎಂದಿದ್ದೀರಲ್ಲ, ಅವರು ಹೇಳುವುದನ್ನು ಈ ವಾರವೇ ಫೋನಿನಲ್ಲಿ ರೆಕಾರ್ಡ್ ಮಾಡಿ, ನನಗೂ ಒಂದು ಪ್ರತಿ ಕಳಿಸಿ.

– ಸಂ.