‘ಅದು’ ಅಂದ್ರೆ ಯಾವುದು?

‘ಅದನ್ನು ನಾಳೆಗೆ ಹಾಕು’ ಅಂದಾಗ ‘ಅದು’ ಮೀಟಿಂಗೋ ಅಲಾರಮ್ಮೋ ಅಂತ ಬಾಟ್‌ಗೆ ಹೇಗೆ ತಿಳಿಯುತ್ತದೆ ಎಂದು ಕೇಳಿದ್ದೀರಿ. ಹಳೆಯ ಸಿಸ್ಟಮ್‌ಗಳು ಮಾತಿನಲ್ಲಿ ಬಂದ ಹೆಸರುಗಳ ಪಟ್ಟಿ ಇಟ್ಟುಕೊಳ್ಳುತ್ತಿದ್ದವು. ಇತ್ತೀಚೆಗೆ ಬಂದದ್ದಕ್ಕೆ ಮೊದಲ ಮಣೆ. ಲಿಂಗ, ವಚನ ಹೊಂದದಿದ್ದರೆ ಹೊರಗೆ. 1978ರಲ್ಲೇ ಕಂಪ್ಯೂಟರ್‌ಗೆ ಭಾಷೆ ಅರ್ಥಮಾಡಿಸುವ ಸಂಶೋಧಕ ಜೆರ್ರಿ ಹಾಬ್ಸ್ ಇದಕ್ಕೊಂದು ಹುಡುಕುವ ಕ್ರಮ ಬರೆದಿದ್ದರು.

ಆದರೆ ಇದನ್ನು ನೋಡಿ: ‘ಏಣೀನ ಗೋಡೆಗೆ ಒರಗಿಸಬೇಡ, ಅದು ಜಾರುತ್ತೆ.’ ಈಗ ‘ಅದು ಜಾರುತ್ತೆ’ ಬದಲು ‘ಅದರ ಬಣ್ಣ ಇನ್ನೂ ಒಣಗಿಲ್ಲ’ ಅಂತ ಹಾಕಿ. ‘ಅದು’ ಏಣಿಯಿಂದ ಗೋಡೆಗೆ ಹಾರಿತು, ಅಲ್ವಾ? ಇಲ್ಲಿ ವ್ಯಾಕರಣ ಸಾಲದು, ಲೋಕಜ್ಞಾನ ಬೇಕು. 2017ರಲ್ಲಿ ಬಂದ, ಇಂದಿನ ಬಾಟ್‌ಗಳ ಹಿಂದಿರುವ ಟ್ರಾನ್ಸ್‌ಫಾರ್ಮರ್ ಎಂಬ ಭಾಷಾ ಮಾದರಿಯಲ್ಲಿ ಪ್ರತಿ ಪದವೂ ಹಿಂದಿನ ಪದಗಳತ್ತ ನೋಡಿ, ಯಾವುದಕ್ಕೆ ಎಷ್ಟು ಗಮನ ಕೊಡಬೇಕೆಂದು ತೂಗುತ್ತದೆ. ಪಟ್ಟಿ ಇಲ್ಲ, ಅಂದಾಜು ಮಾತ್ರ. ಅದಕ್ಕೇ ಆಗಾಗ ಎಡವುತ್ತದೆ.

ಕನ್ನಡದಲ್ಲಿ ಇನ್ನೂ ಮಜಾ. ‘ರವಿ ಉಮಾಗೆ ಫೋನ್ ಮಾಡಿದ. ಬೈದಳು.’ ಸರ್ವನಾಮವೇ ಇಲ್ಲ, ‘ಳು’ ಸಾಕು. ‘ಬೈದಳು’ ಬದಲು ‘ಎತ್ತಲೇ ಇಲ್ಲ’ ಅಂದರೆ ಆ ಸುಳಿವೂ ಹೋಯಿತು! ಮಾತುಕತೆ ತುಂಬಾ ಉದ್ದವಾದರೆ ಮೊದಲ ಮಾತುಗಳು ಮಾದರಿಯ ಕಣ್ಣಳತೆಯಿಂದಲೇ ಜಾರಿಹೋಗಬಹುದು. ಆಗ ಸುಮ್ನೆ ‘ಅದು’ ಅನ್ನದೆ ‘ಮೀಟಿಂಗ್’ ಅಂತಲೇ ಹೇಳಿಬಿಡಿ.